ಹೈಸ್ಕೂಲು ಹುಡುಗರೂ ಜೀವಕೋಶದ ಶಿಲ್ಪವೂ

(ಅಂತಿಮ ಬಿ.ಎ.)

ಈ ಸಂಚಿಕೆಗೆ ಬ್ಯಾಕ್ಟೀರಿಯಾಗಳನ್ನು ಕುರಿತು ಒಂದು ಲೇಖನ ಕೊಡುತ್ತೇನೆಂದು ಹೇಳಿದಾಗ ಸಂಪಾದಕ ಮಂಡಲಿಯ ಮಿತ್ರರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನಗೇಕಯ್ಯಾ ಆ ಉಸಾಬರಿ? ಹೊಯ್ಸಳರ ಮೇಲೆ ಏನಾದರೂ ಬರೆದು ಕೊಡು" ಎಂದರು. ಹೊಯ್ಸಳರ ಮೇಲೆ ಬರೆಯುವವರು ಈ ವರ್ಷ ಆಗಲೇ ಇಬ್ಬರಿದ್ದಾರೆ. ಅಲ್ಲದೆ ನಾನು ಇತಿಹಾಸದ ವಿದ್ಯಾರ್ಥಿಯಾಗುವುದಕ್ಕೆ ಮುಂಚೆ ಪಿ.ಯು.ಸಿ.ಯಲ್ಲಿ ಎರಡು ವರ್ಷ ವಿಜ್ಞಾನ ಓದಿದವನು. ಆ ಎರಡು ವರ್ಷಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಪಠ್ಯಪುಸ್ತಕದ ಪಾಠಗಳಲ್ಲ. ನಾವು ಆರು ಮಂದಿ ಸೇರಬೇಕೆಂದು ಹೊರಟು ಸೇರಲಾಗದೆ ಹೋದ ಒಂದು ಸ್ಪರ್ಧೆ. ಅದರ ವಿಚಾರವನ್ನು ಸಹಪಾಠಿಗಳ ಮುಂದೆಯೂ ಅಧ್ಯಾಪಕರ ಮುಂದೆಯೂ ಇಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಸ್ಪರ್ಧೆಯ ಹೆಸರು ಐಜೆಮ್. 'ಇಂಟರ್‌ನ್ಯಾಷನಲ್ ಜೆನೆಟಿಕಲಿ ಎಂಜಿನಿಯರ್ಡ್ ಮೆಷಿನ್' ಎಂಬ ಉದ್ದನೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಮಾತು ಅದು. ವಂಶವಾಹಿಗಳನ್ನು ಬೇಕಾದಂತೆ ಜೋಡಿಸಿ ರಚಿಸಿದ ಯಂತ್ರ ಎಂದು ಅರ್ಥ ಹೇಳಬಹುದು. ಯಂತ್ರವೆಂದೊಡನೆ ಚಕ್ರ, ಹಲ್ಲು, ಪಟ್ಟಿಗಳನ್ನು ನೆನೆಯಬೇಕಾಗಿಲ್ಲ. ಇಲ್ಲಿ ಯಂತ್ರವೆಂದರೆ ಬರಿಗಣ್ಣಿಗೆ ಕಾಣದ ಒಂದು ಜೀವಕೋಶ.

ಜೀವಕೋಶದೊಳಗೆ ಡಿ.ಎನ್.ಎ. ಎಂಬ ಎಳೆಯಿದೆಯೆಂಬುದೂ, ಆ ಎಳೆಯ ಒಂದೊಂದು ಭಾಗ ಒಂದೊಂದು ಕೆಲಸಕ್ಕೆ ಆಜ್ಞೆಯೆಂಬುದೂ ಈಗ ಎಲ್ಲರೂ ಬಲ್ಲ ಸಂಗತಿ. ಒಂದು ಜೀವಿಯ ಆಜ್ಞೆಯನ್ನು ಕತ್ತರಿಸಿ ಇನ್ನೊಂದರೊಳಗೆ ಸೇರಿಸುವ ವಿದ್ಯೆ 1970ರ ದಶಕದಷ್ಟು ಹಳೆಯದು. ಮನುಷ್ಯನ ಇನ್ಸುಲಿನ್ನನ್ನು ಬ್ಯಾಕ್ಟೀರಿಯಾಗಳಿಂದ ಮಾಡಿಸಿದ್ದು 1978ರಲ್ಲಿ. ಅದು ಔಷಧವಾಗಿ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಪಡೆದದ್ದು 1982ರಲ್ಲಿ. ಹಾಗಾದರೆ ಸಂಶ್ಲೇಷಣಾ ಜೀವವಿಜ್ಞಾನವೆಂಬ ಹೊಸ ಹೆಸರೇಕೆ? ಹಿಂದಿನವರು ಒಂದೊಂದು ಕೆಲಸಕ್ಕೂ ಮೊದಲಿನಿಂದ ಕತ್ತರಿಸಿ ಮೊದಲಿನಿಂದ ಅಂಟಿಸುತ್ತಿದ್ದರು. ಹೊಸಬರು ಕೇಳಿದ್ದು ಇಷ್ಟೆ: ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳು ಯಾವ ಗೋಡೆಗಾದರೂ ಹೊಂದುವಂತೆ, ಈ ತುಂಡುಗಳನ್ನೂ ಒಂದೇ ಅಳತೆಯಲ್ಲಿ ಮಾಡಿಟ್ಟುಕೊಂಡರೆ ಹೇಗೆ? ಅಮೆರಿಕದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಟಾಮ್ ನೈಟ್ ಎಂಬವರು 2003ರಲ್ಲಿ ಅಂಥ ಅಚ್ಚೊಂದನ್ನು ಸೂಚಿಸಿದರು. ಪ್ರತಿಯೊಂದು ತುಂಡಿನ ಎರಡು ತುದಿಗಳಲ್ಲಿಯೂ ಗೊತ್ತಾದ ನಾಲ್ಕು ಕಿಣ್ವಗಳು ಕತ್ತರಿಸುವ ಗುರುತುಗಳಿರುತ್ತವೆ. ಯಾವ ತುಂಡಿನ ಬಾಲವಾದರೂ ಯಾವ ತುಂಡಿನ ತಲೆಗಾದರೂ ಅಂಟುತ್ತದೆ. ಅಂಟಿದ ಜಾಗವನ್ನು ಆ ಕಿಣ್ವಗಳು ಮತ್ತೆ ಕತ್ತರಿಸಲಾರವು. ನೈಟ್ ಮೊದಲು ಕಂಪ್ಯೂಟರ್ ಎಂಜಿನಿಯರು. ಆಮೇಲೆ ಜೀವಶಾಸ್ತ್ರಕ್ಕೆ ಬಂದವರು. ಈ ತುಂಡುಗಳಿಗೆ ಬಯೋಬ್ರಿಕ್, ಅಂದರೆ ಜೀವದ ಇಟ್ಟಿಗೆ, ಎಂದೇ ಹೆಸರಾಯಿತು.

ನಮ್ಮ ಕಾಲೇಜಿನ ವಾಚಕರಿಗೆ ಸುಲಭವಾಗಲೆಂದು ಇಂಥ ಒಂದು ಜೋಡಣೆಯನ್ನು ಸರ್ಕಾರಿ ಆದೇಶಕ್ಕೆ ಹೋಲಿಸುತ್ತೇನೆ. ಆದೇಶದ ತಲೆಯಲ್ಲಿ ಅದು ಯಾವ ಸಂದರ್ಭದಲ್ಲಿ ಜಾರಿಗೆ ಬರತಕ್ಕದ್ದೆಂಬ ಷರತ್ತು. ಅದು ಪ್ರವರ್ತಕ ಎಂಬ ತುಂಡು. ಅದರ ಕೆಳಗೆ ಓದುವವನು ಎಲ್ಲಿಂದ ಓದತೊಡಗಬೇಕೆಂಬ ಗುರುತು. ಆಮೇಲೆ ಆದೇಶದ ಒಕ್ಕಣೆ: 'ಹಸಿರಾಗಿ ಹೊಳೆ' ಎಂದೋ, 'ಇಂಥ ಕಿಣ್ವವನ್ನು ಮಾಡು' ಎಂದೋ. ಕೊನೆಗೆ ಇಲ್ಲಿಗೆ ಮುಗಿಯಿತೆಂಬ ಸಹಿ ಮೊಹರು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಕಡತ ಮುಂದಕ್ಕೆ ಹೋಗುವುದಿಲ್ಲ. ಸಾವಿರಾರು ತುಂಡುಗಳಿಗೆ ನಂಬರು ಹಾಕಿ ಇಟ್ಟ ಒಂದು ದಫ್ತರವೂ ಇದೆ. ಪ್ರತಿವರ್ಷ ತಂಡಗಳು ತಾವು ಮಾಡಿದ ಹೊಸ ತುಂಡುಗಳನ್ನು ಅದಕ್ಕೆ ಸೇರಿಸುತ್ತ ಬಂದಿವೆ.

ಸ್ಪರ್ಧೆ ಹುಟ್ಟಿದ್ದು ಆ ಎಂ.ಐ.ಟಿ.ಯಲ್ಲಿಯೇ, 2003ರ ಜನವರಿಯ ರಜೆಯ ಒಂದು ಕಿರು ತರಗತಿಯಿಂದ. ಮಿಣುಕುಹುಳದಂತೆ ಹೊತ್ತಿ ಆರುವ ಜೀವಕೋಶವನ್ನು ರಚಿಸುವುದು ವಿದ್ಯಾರ್ಥಿಗಳಿಗೆ ಕೊಟ್ಟ ಕೆಲಸ. 2004ರ ಬೇಸಿಗೆಯಲ್ಲಿ ಅಮೆರಿಕದ ಐದು ವಿಶ್ವವಿದ್ಯಾನಿಲಯಗಳು, 2005ರಲ್ಲಿ ಹೊರದೇಶದವರೂ ಸೇರಿ ಹದಿಮೂರು ತಂಡಗಳು, ಹೀಗೆ ಬೆಳೆದು ಈಚಿನ ವರ್ಷಗಳಲ್ಲಿ ನಾನ್ನೂರರ ಆಸುಪಾಸು ತಂಡಗಳು ಸೇರುತ್ತಿವೆ. 2006ರಲ್ಲಿಯೇ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ಒಂದು ತಂಡ ಹೋಗಿತ್ತು. 2012ರಿಂದ ಇದು ಪ್ರತ್ಯೇಕ ಪ್ರತಿಷ್ಠಾನದ ಆಡಳಿತದಲ್ಲಿದೆ. ಹೈಸ್ಕೂಲಿನವರಿಗೆ ಬೇರೆ ವಿಭಾಗವಾದದ್ದು 2011ರಲ್ಲಿ. ಮೊದಲು ಅವರ ಜಾತ್ರೆಯೇ ಬೇರೆ, 2015ರಿಂದ ಎಲ್ಲರೂ ಒಂದೇ ಚಪ್ಪರದ ಕೆಳಗೆ. ಬಾಸ್ಟನ್ನಿನಲ್ಲಿ ನಡೆಯುತ್ತಿದ್ದ ಜಾತ್ರೆ 2022ರಲ್ಲಿ ಪ್ಯಾರಿಸ್ಸಿಗೆ ಹೋಯಿತು. ಹೈಸ್ಕೂಲು ಎಂಬುದಕ್ಕೆ ಅವರ ಲೆಕ್ಕದಲ್ಲಿ ನಮ್ಮ ಪಿ.ಯು.ಸಿ.ಯೂ ಸೇರುತ್ತದೆ.

ಇಷ್ಟು ಇತಿಹಾಸ ಸಾಕು. ನಮ್ಮನ್ನು ಹಿಡಿದದ್ದು ಇತಿಹಾಸವಲ್ಲ, ವಾಸನೆ.

2022ರ ಆರಂಭ. ನಾವು ಪ್ರಥಮ ಪಿ.ಯು.ಸಿ.ಯಲ್ಲಿದ್ದೆವು. ಒಂದು ಮಧ್ಯಾಹ್ನ ಜೀವಶಾಸ್ತ್ರದ ಅಧ್ಯಾಪಕರು ಪಾಠ ಬದಿಗಿಟ್ಟು, "ಮೊದಲ ಮಳೆ ಬಿದ್ದಾಗ ಮಣ್ಣು ಘಮ್ಮೆನ್ನುತ್ತಲ್ಲ, ಅದು ಮಣ್ಣಿನ ವಾಸನೆ ಅಲ್ಲ ಕಣ್ರೋ" ಎಂದರು. ಅದು ಜಿಯೋಸ್ಮಿನ್ ಎಂಬ ಪದಾರ್ಥದ ವಾಸನೆ. ಮಣ್ಣಿನಲ್ಲಿರುವ ಸ್ಟ್ರೆಪ್ಟೋಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು ಅದನ್ನು ಮಾಡುತ್ತವೆ. ಮನುಷ್ಯನ ಮೂಗು ಅದರ ಅತ್ಯಲ್ಪ ಪ್ರಮಾಣವನ್ನೂ ಗುರುತಿಸುತ್ತದೆ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಆ ವಂಶವಾಹಿಯನ್ನು ಪ್ರಯೋಗಶಾಲೆಯ ಸಾಧಾರಣ ಬ್ಯಾಕ್ಟೀರಿಯಾಕ್ಕೆ ಸೇರಿಸಿ ಮಳೆಯ ವಾಸನೆ ಬರಿಸುವ ಕೆಲಸವನ್ನು ಕೈಗೊಂಡು ಈ ಸ್ಪರ್ಧೆಗೆ ಹೋಗಿದ್ದರು. ಚಿತ್ರ, ವಿನ್ಯಾಸ ಕಲಿಯುವವರು! ನಮ್ಮ ತರಗತಿ ಒಂದು ಗಳಿಗೆ ಸ್ತಬ್ಧವಾಯಿತು. ಅಲ್ಲಿಯವರೆಗೆ ವಿಜ್ಞಾನವೆಂದರೆ ಸಿ.ಇ.ಟಿ.ಯ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವುದೆಂದು ನಾವು ತಿಳಿದಿದ್ದೆವು.

ಅಂದಿನಿಂದ ಹಿಂದಿನ ತಂಡಗಳ ಕೆಲಸಗಳನ್ನು ಹುಡುಕಿ ಓದುವುದೇ ನಮ್ಮ ಹವ್ಯಾಸವಾಯಿತು. ಟೆಕ್ಸಾಸಿನ ವಿದ್ಯಾರ್ಥಿಗಳು ಬ್ಯಾಕ್ಟೀರಿಯಾಗಳ ಹಾಸನ್ನೇ ಫೋಟೋ ಹಲಗೆಯಂತೆ ಮಾಡಿದ್ದರು: ಬೆಳಕು ಬಿದ್ದ ಕಡೆ ಬಣ್ಣ ನಿಲ್ಲುತ್ತದೆ, ಕತ್ತಲಿದ್ದ ಕಡೆ ಕಪ್ಪಾಗುತ್ತದೆ. ಅದರ ವರದಿ 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿತು. ಎಂ.ಐ.ಟಿ.ಯ 2006ರ ತಂಡದ್ದು ತಮಾಷೆಯ ಕೆಲಸ. ಪ್ರಯೋಗಶಾಲೆಯ ಇ. ಕೋಲೈ ಬ್ಯಾಕ್ಟೀರಿಯಾ ಸಹಜವಾಗಿ ಕೆಟ್ಟ ವಾಸನೆ ಹೊಡೆಯುತ್ತದೆ. ಆ ನಾತವಿಲ್ಲದ ತಳಿಯನ್ನು ಹಿಡಿದು, ಅದು ಬೆಳೆಯುತ್ತಿರುವಾಗ ನೋವಿನ ಮುಲಾಮಿನ ವಾಸನೆಯನ್ನೂ, ಬೆಳೆದು ನಿಂತಾಗ ಬಾಳೆಹಣ್ಣಿನ ವಾಸನೆಯನ್ನೂ ಕೊಡುವಂತೆ ಮಾಡಿದರು. ಮೂಗಿನಿಂದಲೇ ಬೆಳವಣಿಗೆಯ ಹಂತ ತಿಳಿಯಬಹುದು! ಅದೇ ವರ್ಷ ಎಡಿನ್‌ಬರೋ ತಂಡದವರು ಬಾಂಗ್ಲಾದೇಶದ ಕೊಳವೆಬಾವಿಗಳ ಆರ್ಸೆನಿಕ್ ವಿಷವನ್ನು ಮನಸ್ಸಿನಲ್ಲಿಟ್ಟುಕೊಂಡು, ನೀರಿನಲ್ಲಿ ಆರ್ಸೆನಿಕ್ ಇದ್ದರೆ ಹುಳಿಯನ್ನು ಹುಟ್ಟಿಸುವ ಬ್ಯಾಕ್ಟೀರಿಯಾವನ್ನು ರಚಿಸಿದರು. ಹುಳಿ ಹುಟ್ಟಿತೋ ಇಲ್ಲವೋ ಎಂಬುದನ್ನು ಬಣ್ಣ ಬದಲಾಗುವ ಸಾಮಾನ್ಯ ದ್ರಾವಣವೇ ಹೇಳುತ್ತದೆ. ನಮ್ಮ ಊರ ಕಡೆಯ ಕೊಳವೆಬಾವಿಗಳ ವಿಚಾರ ನಮಗೆ ತಟ್ಟನೆ ಹೊಳೆದದ್ದು ಇದನ್ನು ಓದಿದಾಗಲೇ.

ಅದಕ್ಕೆ ಬರುವ ಮುಂಚೆ, ಒಂದು ತಂಡ ನಿಜವಾಗಿ ಮಾಡುವುದೇನು ಎಂಬುದನ್ನು ಹೇಳಬೇಕು. ದಫ್ತರದಿಂದ ಒಂದು ಪೊಟ್ಟಣ ಬರುತ್ತದೆ. ಅದರೊಳಗೆ ಅಂಗೈಯಗಲದ ಹಲಗೆ, ಹಲಗೆಯಲ್ಲಿ 384 ಪುಟ್ಟ ಗುಳಿಗಳು, ಗುಳಿಗಳಲ್ಲಿ ಒಣಗಿಸಿದ ಡಿ.ಎನ್.ಎ. ಹತ್ತು ಮೈಕ್ರೋಲೀಟರು ನೀರು ಬಿಟ್ಟರೆ, ಅಂದರೆ ಒಂದು ಹನಿಯ ಸಣ್ಣ ಪಾಲು, ಅದು ಕೆಂಪಗಾಗುತ್ತದೆ. ಕರಗಿದೆಯೆಂದು ಕಾಣಲೆಂದೇ ಬಣ್ಣ ಬೆರೆಸಿರುತ್ತಾರೆ. ಅದರಲ್ಲಿ ಒಂದು ಮೈಕ್ರೋಲೀಟರನ್ನು ಮಂಜುಗಡ್ಡೆಯ ಮೇಲಿಟ್ಟ ಬ್ಯಾಕ್ಟೀರಿಯಾಗಳ ಜೊತೆ ಬೆರೆಸಿ ಅರ್ಧ ಗಂಟೆ ಬಿಡಬೇಕು. ಆಮೇಲೆ ನಲವತ್ತೆರಡು ಡಿಗ್ರಿ ಬಿಸಿನೀರಿನಲ್ಲಿ ನಲವತ್ತೈದು ಸೆಕೆಂಡು, ಮತ್ತೆ ಮಂಜುಗಡ್ಡೆ. ಈ ಬಿಸಿ ತಣ್ಣನೆಯ ಪೆಟ್ಟಿಗೆ ಕೋಶದ ಗೋಡೆ ಸಡಿಲವಾಗಿ ಡಿ.ಎನ್.ಎ. ಒಳಹೊಗುತ್ತದೆ. ಎಲ್ಲ ಕೋಶಗಳಿಗೂ ಹೊಗುವುದಿಲ್ಲ. ಲಕ್ಷಾಂತರದಲ್ಲಿ ಕೆಲವಕ್ಕೆ ಮಾತ್ರ. ಆ ಕೆಲವನ್ನು ಆರಿಸುವುದು ಹೇಗೆ? ಸೇರಿಸಿದ ತುಂಡಿನ ಜೊತೆಗೆ ಒಂದು ಆ್ಯಂಟಿಬಯೋಟಿಕ್ ಔಷಧವನ್ನು ತಡೆಯುವ ಶಕ್ತಿಯನ್ನೂ ಕಟ್ಟಿ ಕಳಿಸಿರುತ್ತಾರೆ. ಆ ಔಷಧ ಬೆರೆಸಿದ ತಟ್ಟೆಯ ಮೇಲೆ ಹರಡಿ ರಾತ್ರಿ ಬಿಟ್ಟರೆ, ಒಳಗೊಂಡವು ಬದುಕುತ್ತವೆ, ಮಿಕ್ಕವು ಸಾಯುತ್ತವೆ. ಬೆಳಗ್ಗೆ ತಟ್ಟೆಯ ಮೇಲೆ ರಾಗಿಕಾಳಿನಂಥ ಚುಕ್ಕೆಗಳು. ಪಕ್ಕದಲ್ಲಿ ಏನೂ ಸೇರಿಸದ ಇನ್ನೊಂದು ತಟ್ಟೆಯನ್ನೂ ಇಡಬೇಕು. ಅದರಲ್ಲಿಯೂ ಚುಕ್ಕೆ ಬಂದಿದ್ದರೆ ಸಂತೋಷಪಡಬೇಕಾಗಿಲ್ಲ, ಔಷಧವೇ ಕೆಟ್ಟಿದೆ.

ಬಿಸಿನೀರಿನ ಬದಲು ವಿದ್ಯುತ್ತಿನ ಪೆಟ್ಟಿನಿಂದಲೂ ಇದನ್ನು ಮಾಡಬಹುದು. ಆದರೆ ಅದರ ಯಂತ್ರಕ್ಕೆ ಸಾವಿರಾರು ಡಾಲರು. ಅಮೆರಿಕದ ಜಾರ್ಜಿಯಾ ಸಂಸ್ಥಾನದಲ್ಲಿ ಲ್ಯಾಂಬರ್ಟ್ ಹೈಸ್ಕೂಲು ಎಂಬ ಸರ್ಕಾರಿ ಶಾಲೆಯಿದೆ. ಈ ಸ್ಪರ್ಧೆಯಲ್ಲಿ ಅದರ ತಂಡ ಹೆಸರುವಾಸಿ. ಅಲ್ಲಿಯ ವಿದ್ಯಾರ್ಥಿಗಳೂ ಅವರ ಅಧ್ಯಾಪಿಕೆಯೂ ಜಾರ್ಜಿಯಾ ಟೆಕ್ ವಿಶ್ವವಿದ್ಯಾನಿಲಯದ ಸಾದ್ ಭಾಮ್ಲಾ ಅವರೂ ಸೇರಿ ಒಲೆ ಹೊತ್ತಿಸುವ ಲೈಟರಿನಿಂದಲೇ ಆ ಯಂತ್ರವನ್ನು ಮಾಡಿದರು! ಲೈಟರನ್ನು ಒತ್ತಿದಾಗ 'ಟಕ್' ಎನ್ನುತ್ತದಲ್ಲ, ಆಗ ಒಳಗಿನ ಹರಳಿನ ಮೇಲೆ ಪೆಟ್ಟು ಬಿದ್ದು ಸುಮಾರು ಎರಡು ಸಾವಿರ ವೋಲ್ಟಿನ ಕಿಡಿ ಹುಟ್ಟುತ್ತದೆ. ಒಂದು ಕ್ಷಣದ ಆ ಕಿಡಿಯೇ ಸಾಕು. ಖರ್ಚು 23 ಸೆಂಟು, ಅಂದರೆ ನಮ್ಮ ಇಪ್ಪತ್ತು ರೂಪಾಯಿಯ ಆಸುಪಾಸು. ಇದರ ವರದಿ 2020ರಲ್ಲಿ ಪ್ರಕಟವಾಗಿದೆ. ಇದೇ ಭಾಮ್ಲಾ, ಮನು ಪ್ರಕಾಶರ ಜೊತೆ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ, ಅಂಗಿಯ ಗುಂಡಿಗೆ ದಾರ ಪೋಣಿಸಿ ಗಿರ್ರೆಂದು ತಿರುಗಿಸುವ ಮಕ್ಕಳ ಆಟಿಕೆಯನ್ನು ನೋಡಿ ರಕ್ತ ಬೇರ್ಪಡಿಸುವ ಕಾಗದದ ಯಂತ್ರ ಮಾಡಿದ್ದರು. ಅದು ನಿಮಿಷಕ್ಕೆ ಒಂದು ಲಕ್ಷ ಇಪ್ಪತ್ತೈದು ಸಾವಿರ ಸುತ್ತು ಸುತ್ತುತ್ತದೆಂದು 2017ರ ವರದಿ ಹೇಳುತ್ತದೆ. ಲೈಟರಿನ ವಿಚಾರ ಓದಿದ ರಾತ್ರಿ ನಾನು ಮನೆಯ ಲೈಟರನ್ನು ಬಿಚ್ಚಿದೆ. ಮತ್ತೆ ಕೂಡಿಸಲು ಬರಲಿಲ್ಲ. ಅಮ್ಮ ಮೂರು ದಿನ ಬೆಂಕಿಪೊಟ್ಟಣದಲ್ಲಿ ಒಲೆ ಹಚ್ಚಿದರು.

ಪ್ರಯೋಗ ಇಷ್ಟಾದರೆ, ಸ್ಪರ್ಧೆ ಕೇಳುವುದು ಪ್ರಯೋಗವನ್ನಷ್ಟೇ ಅಲ್ಲ. ಇಲ್ಲಿ ಚಿನ್ನ, ಬೆಳ್ಳಿ, ಕಂಚಿನ ಪದಕಗಳು ಇನ್ನೊಬ್ಬರನ್ನು ಸೋಲಿಸಿದ್ದಕ್ಕಾಗಿ ಬರುವುದಿಲ್ಲ. ಗೊತ್ತಾದ ಷರತ್ತುಗಳನ್ನು ಪೂರೈಸಿದವರಿಗೆಲ್ಲ ಸಿಗುತ್ತವೆ. ತಂಡವು ತನ್ನ ಕೆಲಸವನ್ನೆಲ್ಲ ಬರೆದು ಲೋಕಕ್ಕೆ ತೆರೆದಿಡಬೇಕು, ಮುಂದಿನ ವರ್ಷದವರಿಗೆ ಉಪಯೋಗವಾಗುವ ಏನನ್ನಾದರೂ ಬಿಟ್ಟುಹೋಗಬೇಕು. ರಚಿಸಿದ ಜೀವಿಯನ್ನು ಪ್ರಯೋಗಶಾಲೆಯ ಹೊರಗೆ ಬಿಡಲೇಕೂಡದು. ಇವುಗಳ ಜೊತೆಗೆ ಎರಡು ಷರತ್ತುಗಳು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಯಾವ ಕೆಲಸವನ್ನು ಯಾರು ಮಾಡಿದರು, ಯಾವುದಕ್ಕೆ ಯಾರ ಸಹಾಯ ಪಡೆದಿರಿ ಎಂಬುದನ್ನು ಒಂದೂ ಬಿಡದೆ ಬರೆಯಿರಿ, ಎಂಬುದು ಒಂದು. ಈ ಕೆಲಸ ಯಾರಿಗೆ ಬೇಕು, ಅದು ಹೊಣೆಯರಿತದ್ದೂ ಲೋಕಕ್ಕೆ ಒಳ್ಳೆಯದೂ ಎಂದು ನಿಮಗೆ ಹೇಗೆ ಗೊತ್ತು, ಅವರನ್ನು ಹೋಗಿ ಕೇಳಿದಿರಾ, ಕೇಳಿದ ಮೇಲೆ ನಿಮ್ಮ ಕೆಲಸದಲ್ಲಿ ಏನು ಬದಲಾಯಿತು, ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಕೊಡಲು ಸೂಕ್ಷ್ಮದರ್ಶಕ ಬೇಕಾಗಿಲ್ಲ.

ನಮ್ಮ ವಿಷಯವನ್ನು ಆರಿಸುವುದು ಕಷ್ಟವಾಗಲಿಲ್ಲ. ನಮ್ಮದು ಪಾವಗಡದ ಸೀಮೆ. ನೀರಿನಲ್ಲಿ ಫ್ಲೋರೈಡ್. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಒಂದು ಮಿಲಿಗ್ರಾಂ ಇರಬಹುದು. ಬೇರೆ ನೀರಿಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದು. ಅದಕ್ಕೆ ಮೀರಿದ ನೀರನ್ನು ಬಾಲ್ಯದಿಂದ ಕುಡಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಬಿಗಿಯುತ್ತದೆ. ನಮ್ಮ ಆರು ಮಂದಿಯಲ್ಲಿ ಇಬ್ಬರು ಫೋಟೋ ತೆಗೆಯುವಾಗ ಬಾಯಿ ಬಿಟ್ಟು ನಗುತ್ತಿರಲಿಲ್ಲ. ಅವರಲ್ಲಿ ನಾನೊಬ್ಬ.

ಜೀವಶಾಸ್ತ್ರವೂ ನಮಗೆ ಅನುಕೂಲವಾಗಿಯೇ ಕಂಡಿತು. ಫ್ಲೋರೈಡ್ ಬ್ಯಾಕ್ಟೀರಿಯಾಗಳಿಗೂ ವಿಷ. ಅನೇಕ ಬ್ಯಾಕ್ಟೀರಿಯಾಗಳಲ್ಲಿ ಅದನ್ನು ಗುರುತಿಸುವ ಆರ್.ಎನ್.ಎ.ಯ ಒಂದು ಕೀಲಿಯಿದೆ. ಫ್ಲೋರೈಡ್ ಬಂದು ಕೂತೊಡನೆ ಅದು ಮಡಿಚಿಕೊಂಡು, ವಿಷವನ್ನು ಹೊರದೂಡುವ ವಂಶವಾಹಿಯನ್ನು ಎಬ್ಬಿಸುತ್ತದೆ. ಯೇಲ್ ವಿಶ್ವವಿದ್ಯಾನಿಲಯದ ರೊನಾಲ್ಡ್ ಬ್ರೇಕರ್ ಮತ್ತು ಸಂಗಡಿಗರು ಇದನ್ನು 2012ರಲ್ಲಿ ಪ್ರಕಟಿಸಿದರು. ಹೊರದೂಡುವ ಆಜ್ಞೆಯ ಜಾಗದಲ್ಲಿ 'ಬಣ್ಣ ಬಾ' ಎಂಬ ಆಜ್ಞೆಯನ್ನು ಜೋಡಿಸಿದರೆ ಆಯಿತು, ನೀರೇ ತನ್ನ ದೋಷವನ್ನು ಹೇಳಿಕೊಳ್ಳುತ್ತದೆ. ನಾವೇ ಮೊದಲು ಕಂಡೆವೆಂದು ಹಿಗ್ಗಿದೆವು. ನಾಲ್ಕು ದಿನ ಕಳೆದ ಮೇಲೆ ಅಧ್ಯಾಪಕರು ಒಂದು ಲೇಖನವನ್ನು ಮುಂದಿಟ್ಟರು: ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದವರು 2020ರಲ್ಲಿಯೇ ಇದನ್ನು ಮಾಡಿ, ಜೀವಕೋಶವೇ ಇಲ್ಲದೆ ಅದರ ಸಾರವನ್ನು ಮಾತ್ರ ಒಣಗಿಸಿಟ್ಟು, ಕೋಸ್ಟರಿಕಾದಲ್ಲಿ ನೀರು ಹಾಕಿ ಹಳದಿ ಬಣ್ಣ ಬರಿಸಿ ನೋಡಿದ್ದರು. ಅವರು ಮುಟ್ಟಿದ ಮಟ್ಟ ಲೀಟರಿಗೆ ಎರಡು ಮಿಲಿಗ್ರಾಂ. ಅದು ಅವರ ಸರ್ಕಾರ ಗುರುತಿಸಿದ ಅಳತೆ. ನಮಗೆ ಬೇಕಾದದ್ದು ಒಂದೂವರೆ. "ಈ ಅರ್ಧ ಮಿಲಿಗ್ರಾಂ ನಿಮ್ಮದು, ಹಿಡೀರಿ ನೋಡೋಣ" ಎಂದರು ಅಧ್ಯಾಪಕರು.

ಆಮೇಲೆ ಬಂದದ್ದು ಹಣದ ಮಾತು. ಪ್ರವೇಶಧನವೇ ಸಾವಿರಾರು ಡಾಲರು, ನಮ್ಮ ಲೆಕ್ಕದಲ್ಲಿ ಕೆಲವು ಲಕ್ಷ. ಜಾತ್ರೆಗೆ ಹೋಗುವವರಿಗೆ ತಲೆಗಿಷ್ಟೆಂದು ಬೇರೆ. ಪ್ಯಾರಿಸ್ಸಿನ ವಿಮಾನದ ಮಾತಂತೂ ನಾವು ಎತ್ತಲೇ ಇಲ್ಲ. 2021ರಿಂದ ಆಯ್ದ ತಂಡಗಳಿಗೆ 2500 ಡಾಲರು ಸಹಾಯಧನ ಕೊಡುವ ಏರ್ಪಾಡು ಇತ್ತು. ಅದು ಬಂದರೂ ಉಳಿದದ್ದಕ್ಕೆ ಯಾರನ್ನು ಕೇಳುವುದು? ಹಣಕ್ಕಿಂತ ದೊಡ್ಡದು ಕಾನೂನು. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 1989ರಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಕೆಲಸ ನಡೆಯುವ ಸಂಸ್ಥೆಯಲ್ಲಿ ಜೈವಿಕ ಸುರಕ್ಷಾ ಸಮಿತಿಯೊಂದು ಇರಬೇಕು. ನಮ್ಮ ಪಿ.ಯು. ಕಾಲೇಜಿನಲ್ಲಿ ಇದ್ದ ಸಮಿತಿ ಗಣೇಶೋತ್ಸವದ್ದೊಂದೇ. ಸಮಿತಿಯುಳ್ಳ ದೊಡ್ಡ ಸಂಸ್ಥೆಯೊಂದಕ್ಕೆ ಬರೆದೆವು. ಅವರು ಮರ್ಯಾದೆಯಿಂದ, ಸದ್ಯಕ್ಕೆ ಅವಕಾಶವಿಲ್ಲವೆಂದು ಉತ್ತರಿಸಿದರು. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಎಡಿನ್‌ಬರೋದವರ ಆರ್ಸೆನಿಕ್ ಪರೀಕ್ಷೆಗೂ ಮುಂದೆ ಮುಖ್ಯ ತೊಡಕಾದದ್ದು ಇದೇ: ಬದಲಿಸಿದ ಜೀವಿಯನ್ನು ಪ್ರಯೋಗಶಾಲೆಯಿಂದ ಬಾವಿಕಟ್ಟೆಗೆ ಒಯ್ಯಲು ಅನುಮತಿ.

ಅಧ್ಯಾಪಕರು ಮಾತ್ರ, "ದುಡ್ಡಿಲ್ಲದ ಷರತ್ತೊಂದಿದೆಯಲ್ಲ, ಅದನ್ನ ಮೊದಲು ಮುಗಿಸೋಣ" ಎಂದು ಒಂದು ಭಾನುವಾರ ನಮ್ಮನ್ನು ಪಕ್ಕದ ಹಳ್ಳಿಗೆ ಕರೆದುಕೊಂಡು ಹೋದರು. ಜಗಲಿಯ ಮೇಲೆ ಕೂತಿದ್ದ ಮುದುಕಿಯೊಬ್ಬರ ಹತ್ತಿರ ನಾನು ಬಹಳ ಉತ್ಸಾಹದಿಂದ, "ಅಜ್ಜಿ, ನಿಮ್ಮ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆಯೋ ಇಲ್ಲವೋ ಅಂತ ತೋರಿಸೋ ಉಪಾಯ ಹುಡುಕ್ತಾ ಇದೀವಿ" ಎಂದೆ. ಅವರು ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ ನನ್ನ ಹಲ್ಲನ್ನು ನೋಡಿದರು. "ಐತೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು ಕಣ್ ಮಗಾ. ಇಪ್ಪತ್ತು ವರ್ಷದಿಂದ ಬಂದೋರೆಲ್ಲ ಅದ್ನೇ ಹೇಳ್ತಾವ್ರೆ. ಇಲ್ದಿರೋ ನೀರು ಎಲ್ಲೈತೆ, ಅದ್ ಹೇಳು."

ನಾವು ಬರೆದುಕೊಂಡು ಹೋಗಿದ್ದ ಪ್ರಶ್ನೆಗಳ ಪಟ್ಟಿಯನ್ನು ಮಡಿಚಿ ಜೇಬಿಗೆ ಹಾಕಬೇಕಾಯಿತು. ಆದರೆ ಅಲ್ಲಿಯೇ ಕೂತು ಮಾತು ಮುಂದುವರಿದಾಗ ಬೇರೆಯೇ ಒಂದು ವಿಷಯ ಹೊರಬಂದಿತು. ಊರಿನಲ್ಲಿ ಶುದ್ಧ ನೀರಿನ ಘಟಕವಿದೆ. ಐದು ರೂಪಾಯಿಯ ನಾಣ್ಯ ಹಾಕಿದರೆ ಒಂದು ಕ್ಯಾನು. ಅದು ನಾಲ್ಕು ತಿಂಗಳು ಕೆಟ್ಟು ಈಗ ಮತ್ತೆ ನಡೆಯುತ್ತಿದೆ. ಒಳಗಿನ ಪೊರೆ, ಅವರು 'ಮೆಂಬ್ರೇನು' ಎನ್ನುವುದು, ಬದಲಾಗಿದೆಯೋ ಇಲ್ಲವೋ ನೋಡಿಕೊಳ್ಳುವವನಿಗೂ ಗೊತ್ತಿಲ್ಲ. ಪೊರೆ ಸವೆದರೆ ನೀರು ಬರುವುದೇನೂ ನಿಲ್ಲುವುದಿಲ್ಲ, ಫ್ಲೋರೈಡ್ ನಿಲ್ಲುವುದು ನಿಲ್ಲುತ್ತದೆ. ಕುಡಿದವರಿಗೆ ತಿಳಿಯುವ ಬಗೆಯಿಲ್ಲ. ಆ ಪ್ರಮಾಣದ ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ. ಕೆಟ್ಟದ್ದೆಂದು ಎಲ್ಲರಿಗೂ ಗೊತ್ತಿದ್ದ ನೀರನ್ನು ಪರೀಕ್ಷಿಸಲು ಹೋಗಿದ್ದೆವು. ಪರೀಕ್ಷಿಸಬೇಕಾದದ್ದು ಒಳ್ಳೆಯದೆಂದು ಎಲ್ಲರೂ ನಂಬಿ ದುಡ್ಡು ಕೊಟ್ಟು ಕುಡಿಯುತ್ತಿದ್ದ ನೀರನ್ನು.

ಈಗ ಪ್ರಶ್ನೆ ಸರಿಯಾಯಿತು. ಆದರೆ ಪ್ರಶ್ನೆ ಸರಿಯಾದೊಡನೆ ನಮ್ಮ ಬ್ಯಾಕ್ಟೀರಿಯಾ ಬೇಡವಾಯಿತು. ಅಧ್ಯಾಪಕರ ಪರಿಚಯದ ಎಂಜಿನಿಯರೊಬ್ಬರು ಒಂದು ಪೆಟ್ಟಿಗೆ ತಂದುಕೊಟ್ಟರು. ಅದರಲ್ಲಿ ಒಂದು ಸೀಸೆ ಔಷಧ, ಒಂದು ಗಾಜಿನ ನಳಿಕೆ, ಬಣ್ಣದ ಪಟ್ಟಿ. ನೀರಿಗೆ ಹನಿ ಹಾಕಿ ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಿದರೆ ಮುಗಿಯಿತು. ಐದು ನಿಮಿಷದ ಕೆಲಸ. "ನಿಮ್ಮ ಜೀನು ಇದಕ್ಕಿಂತ ಏನು ಹೆಚ್ಚು ಮಾಡುತ್ತೆ?" ಎಂದು ಅವರು ಕುಹಕವಿಲ್ಲದೆ ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. ಅಂದು ರಾತ್ರಿ ಬಸ್ಸಿನಲ್ಲಿ ಬರುವಾಗ ಒಬ್ಬಳು ಗೆಳತಿ ಅತ್ತಳು. ಆರ್.ಎನ್.ಎ. ಮಡಿಚುವ ಚಿತ್ರವನ್ನು ಹನ್ನೊಂದು ಸಲ ಬರೆದವಳು ಅವಳು.

ಘಟಕದ ನಲ್ಲಿಯ ನೀರನ್ನು ಆ ಪೆಟ್ಟಿಗೆಯಿಂದ ಮೂರು ವಾರ ನೋಡಿದೆವು. ಮೂರು ಸಲವೂ ಬಣ್ಣ ಒಂದೂವರೆಯ ಗುರುತನ್ನು ದಾಟಿತ್ತು. ಪಂಚಾಯಿತಿಯಲ್ಲಿ ಹೇಳಿದರೆ, ಬಾಯಿಮಾತು ಬೇಡ, ಲೆಟರ್‌ಹೆಡ್ಡಿನಲ್ಲಿ ಬರೆದು ತನ್ನಿ ಎಂದರು. ಅಧ್ಯಾಪಕರು ಪ್ರಿನ್ಸಿಪಾಲರ ಕೈಕಾಲು ಹಿಡಿದು ಬರೆಸಿದರು. ಪತ್ರ ಹೋಗಿ ಎಂಟು ತಿಂಗಳಾದ ಮೇಲೆ, 2023ರ ಏಪ್ರಿಲಿನಲ್ಲಿ, ಮೆಂಬ್ರೇನು ಬದಲಾಯಿತು. ಮೇ ತಿಂಗಳಿನಲ್ಲಿ ವಿಧಾನಸಭೆಯ ಚುನಾವಣೆಯೂ ಇತ್ತು. ಯಾವುದರಿಂದ ಬದಲಾಯಿತೋ ಹೇಳಲಾರೆ. ಯಾರು ಏನು ಮಾಡಿದರೆಂದು ನಿಜವಾಗಿ ಬರೆಯುವ ಷರತ್ತು ಎಷ್ಟು ಕಷ್ಟದ್ದೆಂಬುದು ಆಗ ತಿಳಿಯಿತು.

ಈ ನಡುವೆ ನಮ್ಮ ಆರು ಮಂದಿಯಲ್ಲಿ ಒಬ್ಬ ಸ್ಪರ್ಧೆಗೆ ಹೋಗಿಯೇ ಹೋದ. ನಗರದ ಖಾಸಗಿ ಸಂಸ್ಥೆಯೊಂದು ಬೇರೆ ಬೇರೆ ಊರಿನ ಹುಡುಗರನ್ನು ತಲೆಗಿಷ್ಟು ಹಣ ಕೊಟ್ಟವರೆಂದು ಕೂಡಿಸಿ ತಂಡ ಕಟ್ಟುತ್ತಿತ್ತು. ವಿಷಯವನ್ನು ಸಂಸ್ಥೆಯವರೇ ಆರಿಸಿದ್ದರು, ಬಹುಮಟ್ಟಿಗೆ ಪ್ರಯೋಗಗಳನ್ನೂ ಅವರೇ ಮಾಡಿದ್ದರಂತೆ. ಅವನ ತಂದೆಗೆ ಶಕ್ತಿಯಿತ್ತು, ಕಳಿಸಿದರು. ಅವನು ಒಂದು ಪದಕದ ಪ್ರಮಾಣಪತ್ರದೊಡನೆ ಬಂದ. ನಾನು ಬಹಳ ದಿನ ಅವನ ಜೊತೆ ನೆಟ್ಟಗೆ ಮಾತನಾಡಲಿಲ್ಲ. ಕಳೆದ ದಸರೆಯಲ್ಲಿ ಸಿಕ್ಕಾಗ ಈ ಮಾತೇ ಬಂತು. "ನಿನ್ನ ಹತ್ರ ದುಡ್ಡಿರಲಿಲ್ಲ, ಅದಕ್ಕೆ ನೀತಿ ಹೇಳ್ತೀಯ. ನಾನು ಆರು ವಾರ ನಿಜವಾದ ಲ್ಯಾಬಿನಲ್ಲಿದ್ದೆ. ನನ್ನ ಕೈಯಿಂದ ತಟ್ಟೆ ಮೇಲೆ ಚುಕ್ಕೆ ಬಂದವು. ನೀನು ಅದನ್ನ ಓದಿದೀಯ ಅಷ್ಟೆ" ಎಂದ. ಅದು ನಿಜ. ರಾಗಿಕಾಳಿನಂಥ ಚುಕ್ಕೆಗಳೆಂದು ಮೇಲೆ ನಾನು ಬರೆದದ್ದು ಅವನು ಹೇಳಿದ ಹೋಲಿಕೆ. ತಂಡದ ಪುಟದಲ್ಲಿ ಯಾರು ಏನು ಮಾಡಿದರೆಂದು ಬರೆಯುವ ಜಾಗದಲ್ಲಿ ನಿನ್ನ ಹೆಸರಿನ ಮುಂದೆ ಏನಿದೆಯೆಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಹಳ ಬರೆದಿದಾರೆ" ಎಂದ. ಇಬ್ಬರೂ ನಕ್ಕೆವು. ಅವನು ಈಗ ಬಯೋಟೆಕ್ನಾಲಜಿ ಓದುತ್ತಿದ್ದಾನೆ, ಚೆನ್ನಾಗಿಯೇ ಓದುತ್ತಿದ್ದಾನೆ.

ನಾನು ಬಿ.ಎ.ಗೆ ಸೇರಿದಾಗ ಮನೆಯಲ್ಲಿ ಅದನ್ನು ಸೋಲೆಂದೇ ತಿಳಿದರು. ವಿಜ್ಞಾನ ಹತ್ತಲಿಲ್ಲ ಎಂದು ನೆಂಟರ ಮುಂದೆ ಹೇಳಿದರು. ಅಂಕಗಳು ಅಷ್ಟೇನೂ ಹೊಳೆಯುವಂತಿರಲಿಲ್ಲವೆಂಬುದೂ ದಿಟ. ಆದರೆ ಈ ಸ್ಪರ್ಧೆಯ ತೀರ್ಪುಗಾರರು ಒಂದು ಹೈಸ್ಕೂಲು ತಂಡವನ್ನು ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೆ ಉತ್ತರ ಹುಡುಕುವ ಪಾಠಗಳು ನಮ್ಮ ಈ ಕಟ್ಟಡದಲ್ಲಿಯೇ ನಡೆಯುತ್ತವೆ. ಊರಿನವರ ಜೊತೆ ಮಾತನಾಡಿ ಬರೆದುಕೊಳ್ಳುವುದನ್ನು ಸಮಾಜಶಾಸ್ತ್ರದವರು ಕಲಿಸುತ್ತಾರೆ. ಖರ್ಚು ಯಾರ ತಲೆಯ ಮೇಲೆ ಎಂಬುದನ್ನು ಅರ್ಥಶಾಸ್ತ್ರದವರು. ಇದನ್ನು ಹಿಂದೆ ಯಾರು ಮಾಡಿ ಏನಾದರು ಎಂಬುದನ್ನು ನಮ್ಮವರು. ಲ್ಯಾಂಬರ್ಟಿನಂಥ ಶಾಲೆಯೂ ಪಕ್ಕದ ವಿಶ್ವವಿದ್ಯಾನಿಲಯವನ್ನು ಜೊತೆಗೆ ಹಿಡಿದೇ ಆ ಲೈಟರನ್ನು ಮಾಡಿದ್ದು. ನಮಗೆ ಎರಡು ರಸ್ತೆ ದಾಟಿದರೆ ಸರ್ಕಾರಿ ವಿಜ್ಞಾನ ಕಾಲೇಜಿದೆ. ಮೂರು ವರ್ಷಗಳಲ್ಲಿ ನಾವು ಅಲ್ಲಿಗೆ ಹೋಗಿರುವುದು ಕ್ರಿಕೆಟ್ಟಿಗೆ ಮಾತ್ರ.

ಹೋದ ತಿಂಗಳು ಆ ಹಳ್ಳಿಗೆ ಹೋಗಿದ್ದೆ. ಅಜ್ಜಿ ತೀರಿಕೊಂಡು ವರ್ಷವಾಯಿತಂತೆ. ಘಟಕ ನಡೆಯುತ್ತಿತ್ತು. ಏಳೆಂಟು ವರ್ಷದ ಹುಡುಗಿಯೊಬ್ಬಳು ನಾಣ್ಯ ಹಾಕಿ ಕ್ಯಾನು ತುಂಬುವುದನ್ನು ಕಾಯುತ್ತಿದ್ದಳು. ನೀರು ಹೇಗಿದೆಯಮ್ಮಾ ಎಂದೆ. "ಸೀಯಾಗೈತೆ" ಎಂದಳು. ಮೆಂಬ್ರೇನು ಮತ್ತೆ ಯಾವಾಗ ಬದಲಾಯಿತೆಂದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ನಮ್ಮ ಹಳೆಯ ಪೆಟ್ಟಿಗೆ ಪಿ.ಯು. ಕಾಲೇಜಿನ ಬೀರುವಿನಲ್ಲಿಯೇ ಇದೆ. ಸೀಸೆಯ ಔಷಧದ ಅವಧಿ ಮುಗಿದಿದೆ. ವಿಜ್ಞಾನ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಹೊಸ ಸೀಸೆ ತರಿಸಿಕೊಡಲು ಒಪ್ಪಿದ್ದಾರೆ. ಪರೀಕ್ಷೆಗಳು ಮುಗಿದ ಮೇಲೆ ಒಂದು ಭಾನುವಾರ ಹೋಗಬೇಕೆಂದಿದ್ದೇನೆ. ಜೊತೆಗೆ ಬರುವವರು ಇತಿಹಾಸ ವಿಭಾಗದಲ್ಲಿ ನನ್ನನ್ನು ಕಾಣಬಹುದು. ಬಸ್ಸು ಬೆಳಗ್ಗೆ ಏಳಕ್ಕೆ ಒಂದೇ. ಬುತ್ತಿ ಕಟ್ಟಿಕೊಂಡು ಬರಬೇಕು.